ಹೊಡೆಯದೆ ಬಿಟ್ಟ ಮಂತ್ರಿ

ಎದುರಾಳಿ ಕುರ್ಚಿ ಬಿಟ್ಟು ಎದ್ದು ನಿಂತಾಗಲೇ ಅವಳಿಗೆ ಅನುಮಾನ ಬಂತು. ಬೇರೆ ಯಾವ ಮೇಜಿನಲ್ಲೂ ಯಾರೂ ಯಾರಿಗೂ ಎದ್ದು ನಿಂತಿರಲಿಲ್ಲ. ಸುರುಳಿ ಸುತ್ತಿಟ್ಟಿದ್ದ ಚದುರಂಗದ ಹಾಸುಗಳನ್ನು ಬಿಡಿಸಿ ಕಾಯಿ ಜೋಡಿಸುತ್ತಿದ್ದವರು ತಲೆಯೆತ್ತದೆ ಕೈ ಚಾಚಿ, ಎದುರಿನವನ ಬೆರಳ ತುದಿ ಮುಟ್ಟಿ, ಮತ್ತೆ ಕಾಯಿಗಳ ಕಡೆಗೆ ತಿರುಗುತ್ತಿದ್ದರು. ಅವಳ ಎದುರಿನ ಭೂಮಾಪನ ಕಚೇರಿಯ ಮೋಜಣಿದಾರರು ಮಾತ್ರ ಎದ್ದು, ಕೈ ಕೊಡಬೇಕೋ ಮುಗಿಯಬೇಕೋ ತಿಳಿಯದೆ ಎರಡನ್ನೂ ಅರ್ಧರ್ಧ ಮಾಡಿ, ನಿಧಾನವಾಗಿ ಆಡಿ ಮೇಡಂ, ಅವಸರವೇನಿಲ್ಲ ಎಂದರು. ಪಕ್ಕದಲ್ಲೇ ಗಡಿಯಾರವಿತ್ತು. ಅವಸರವಿಲ್ಲದ ಆಟಕ್ಕೆ ಯಾರೂ ಗಡಿಯಾರ ಇಡುವುದಿಲ್ಲ. ಅವಳು ಕೂತಳು. ಕೂತ ಮೇಲೂ ಅವರು ಒಂದು ಕ್ಷಣ ನಿಂತೇ ಇದ್ದು, ಆಮೇಲೆ ಸಾವಿನ ಮನೆಯಲ್ಲಿ ಕೂರುವ ಹಾಗೆ ಕುರ್ಚಿಯ ಅಂಚಿಗೆ ಕೂತರು.

ಮೊದಲನೇ ಬೋರ್ಡು ಅವಳ ಗಂಡನದು. ಕಚೇರಿ ಕಚೇರಿಗಳ ನಡುವಿನ ಈ ಪಂದ್ಯಾವಳಿಯಲ್ಲಿ ನೀರು ಸರಬರಾಜು ಕಚೇರಿಯ ಪರವಾಗಿ ಅವನಲ್ಲದೆ ಬೇರೆ ಯಾರೂ ಆ ಮೇಜಿಗೆ ಕೂತದ್ದಿರಲಿಲ್ಲ. ಅವನು ಹೋದ ಮೇಲೆ, ಈ ಸಲ ಯಾರು ಎಂಬ ಮಾತು ಬಂದಾಗ ತಂಡದ ನಾಯಕರಾದ ಉಗ್ರಾಣದ ಸಾಹೇಬರು ಅವಳ ಬಳಿ ಬಂದು, ಧ್ವನಿ ತಗ್ಗಿಸಿ, ಅವರ ಜಾಗಕ್ಕೆ ಅವರ ಮನೆಯವರೇ ಬಂದರೆ ಎಲ್ಲರಿಗೂ ಸಮಾಧಾನ ಎಂದಿದ್ದರು. ಆಡಲು ಬರುತ್ತದೆಯೇ ಎಂದು ಕೇಳಲಿಲ್ಲ. ನೌಕರಿ ಕೊಡುವಾಗಲೂ ಏನು ಬರುತ್ತದೆಂದು ಕೇಳಿರಲಿಲ್ಲ. ಆದೇಶದಲ್ಲಿ ‘ಅನುಕಂಪದ ಆಧಾರದ ಮೇಲೆ’ ಎಂದಿತ್ತು. ಅವಳು ಓದಿದ್ದು ಬರೆದದ್ದು ಎಲ್ಲೂ ಇರಲಿಲ್ಲ. ಮೀಟರ್ ಪರೀಕ್ಷೆಯ ಕೋಣೆಯಲ್ಲಿ ಅವನ ಕುರ್ಚಿ, ಅವನ ಬೆಂಚು, ಅವನ ಅಳತೆಯ ತೊಟ್ಟಿ. ಮನೆಗಳಿಂದ ಬಿಚ್ಚಿ ತಂದ ನೀರಿನ ಮೀಟರುಗಳನ್ನು ಬೆಂಚಿಗೆ ಸಾಲಾಗಿ ಬಿಗಿದು, ತೊಟ್ಟಿ ತುಂಬುವಷ್ಟು ನೀರು ಹಾಯಿಸಿ, ಮುಳ್ಳು ಎಷ್ಟು ಓಡಿತೆಂದು ನೋಡಬೇಕು. ನಮ್ಮ ಮೀಟರು ವಿಪರೀತ ಓಡುತ್ತದೆ ಎಂದು ಜಗಳವಾಡುತ್ತ ತಂದವರ ಮೀಟರುಗಳು ಸಾಮಾನ್ಯವಾಗಿ ನಿಧಾನವೇ ಓಡುತ್ತಿರುತ್ತವೆ, ಸರಿ ಮಾಡಿಕೊಟ್ಟರೆ ಬಿಲ್ಲು ಇನ್ನೂ ಏರುತ್ತದೆ. ಇದನ್ನು ಅವನು ಊಟಕ್ಕೆ ಕೂತಾಗ ಹೇಳಿ ತಾನೇ ಮೊದಲು ನಗುತ್ತಿದ್ದ. ಈಗ ಅದೇ ಮಾತನ್ನು ಅವಳು ಹೇಳಿದರೆ ಯಾರೂ ಜಗಳವಾಡುವುದಿಲ್ಲ. ಅಷ್ಟರಲ್ಲಿ ಪಕ್ಕದ ಕೋಣೆಯವರು ಯಾರೋ ಇವಳು ಯಾರೆಂದು ಅವರ ಕಿವಿಯಲ್ಲಿ ಹೇಳಿರುತ್ತಾರೆ. ಇರಲಿ ಬಿಡಿ ಅಮ್ಮ ಎಂದು ಮೀಟರನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಮೆಲ್ಲಗೆ ಬಾಗಿಲು ಮುಂದೆ ಮಾಡಿಕೊಂಡು ಹೋಗುತ್ತಾರೆ. ಚಹಾ ಅವಳಿಗೇ ಮೊದಲು ಬರುತ್ತದೆ. ಅವಳು ಒಳಗೆ ಬಂದರೆ ನಡೆಯುತ್ತಿದ್ದ ತಮಾಷೆ ನಿಲ್ಲುತ್ತದೆ. ತಪ್ಪು ಲೆಕ್ಕ ಬರೆದರೆ ಮೇಲಿನವರು ತಿದ್ದಿ, ಹೇಳದೆ, ಸಹಿ ಹಾಕುತ್ತಾರೆ. ಬೆಳಿಗ್ಗೆ ಹೊರಡುವಾಗ ಅತ್ತೆ ಕೂಡ, ಚಪ್ಪಲಿ ಹಾಕಿಕೊಳ್ಳುತ್ತಿದ್ದವಳ ಬೆನ್ನಿಗೆ, ‘ಸೋತ್ರೆ ಮುಖ ಊದಿಸ್ಕೊಂಡು ಬರ್ಬೇಡ ಅಂತ ಅವನಿಗೆ ಹೇಳ್ತಿದ್ದೆ. ನೀನು ಊದಿಸ್ಕೊಂಡೇ ಬಾ, ಪರವಾಗಿಲ್ಲ’ ಎಂದಿದ್ದರು. ಮುಂಚೆ ಸೊಸೆಯ ಸಾರಿಗೆ ಉಪ್ಪು ಸಾಲದೆಂದು ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದ ಬಾಯಿ ಅದು.

ಅವಳು ಆಡಲು ಒಪ್ಪಿದ್ದು ಇದರಿಂದಲೇ. ಈ ಹಾಸಿನ ಮೇಲೆ ಯಾರೂ ಯಾರಿಗೂ ದಾರಿ ಬಿಡುವಂತಿಲ್ಲ. ಎದುರಿನವನು ನಿನ್ನನ್ನು ಕೆಡವಲೆಂದೇ ಕೂತಿರುತ್ತಾನೆ, ಕಣ್ಣಲ್ಲಿ ನೀರಿದ್ದರೂ ಕೆಡವುತ್ತಾನೆ. ಒಂದು ಮಧ್ಯಾಹ್ನದ ಮಟ್ಟಿಗಾದರೂ ಯಾರಾದರೂ ತನ್ನನ್ನು ಹಾಗೆ ನೋಡಲಿ, ಸೋಲಿಸಲಿ. ಸೋತು ಹೊರಗೆ ಬಂದರೆ ಆ ಸೋಲಾದರೂ ತನ್ನದಾಗಿರುತ್ತದೆ ಎಂದು ಬಸ್ಸಿನಲ್ಲಿ ಕೂತು, ಅದೂ ಯಾರೋ ಎದ್ದು ಬಿಟ್ಟುಕೊಟ್ಟ ಸೀಟಿನಲ್ಲಿ ಕೂತು, ಲೆಕ್ಕ ಹಾಕಿದ್ದಳು.

ಮೋಜಣಿದಾರರು ರಾಜನ ಮುಂದಿನ ಕಾಲಾಳನ್ನು ಎರಡು ಮನೆ ತಳ್ಳಿದರು. ಅವಳು ತನ್ನದನ್ನು ಒಂದೇ ಮನೆ ತಳ್ಳಿದಳು. ಕರಿ ಹಿಡಿದವರು ಆಡುವ ಫ್ರೆಂಚ್ ರಕ್ಷಣೆ. ಅದರಲ್ಲೂ ಹಳೇ ಕ್ಲಾಸಿಕಲ್ ಕ್ರಮ, ಅವನು ಜೀವಮಾನವೆಲ್ಲ ಆಡಿದ್ದು ಅದೊಂದನ್ನೇ. ಕಚೇರಿಯಲ್ಲಿ ಅವನಿಗೆ ಕರಿಕಾಯಿ ಎಂದೇ ಹೆಸರು. ಚೀಟಿ ಎತ್ತಿದಾಗ ಬಿಳಿ ಬಂದರೆ ಮುಖ ಹುಳ್ಳಗೆ ಮಾಡಿಕೊಳ್ಳುತ್ತಿದ್ದನಂತೆ. ಅವನು ಕರಿ ಹಿಡಿಯಬೇಕಾದರೆ ಮನೆಯಲ್ಲಿ ಇನ್ನೊಬ್ಬರು ಬಿಳಿ ಹಿಡಿಯಲೇಬೇಕು. ಹಾಗಾಗಿ ಆ ರಕ್ಷಣೆಯನ್ನು ಅವಳು ಕಲಿತದ್ದು ಎದುರಿನಿಂದ, ಸಂಜೆ ಸಂಜೆ ಅದರ ಏಟು ತಿನ್ನುತ್ತ. ಕಾಯಿಗಳ ಬೆನ್ನು ಹೇಗಿರುತ್ತದೆಂದು ಇವತ್ತೇ ನೋಡುತ್ತಿದ್ದಳು. ಎರಡನೆಯ ಕಾಲಾಳು, ಕುದುರೆ, ಒಂಟೆ. ಬಿಳಿಯ ಕಾಲಾಳು ಒತ್ತಿಕೊಂಡು ಬಂತು, ಕುದುರೆ ಹಿಂದೆ ಸರಿಯಿತು. ಮೊದಮೊದಲು ಉಸಿರು ಕಟ್ಟುತ್ತದೆ ಎನ್ನುತ್ತಿದ್ದ ಅವನು, ಬಿಳಿ ನಿನ್ನ ಎದೆಯ ಮೇಲೆ ಕೂರುತ್ತದೆ, ನಿನ್ನ ಕಾಯಿಗಳೇ ನಿನಗೆ ಅಡ್ಡ ನಿಂತಿರುತ್ತವೆ, ಒದ್ದಾಡದೆ ಬಿದ್ದಿರುವುದೇ ವಿದ್ಯೆ, ಆಮೇಲೆ ಪಕ್ಕದಿಂದ ಗೋಡೆ ಕೊರೆಯುತ್ತ ಹೋಗು. ಹೇಳುತ್ತ ಮಂಡಿಯ ಮೇಲೆ ತಾಳ ಹಾಕುತ್ತಿದ್ದ. ಬಿದ್ದಿರುವುದು ಅವಳಿಗೆ ಚೆನ್ನಾಗಿಯೇ ಬಂತು. ಬದಿಯ ಕಾಲಾಳನ್ನು ಮುಂದೆ ದೂಡಿದಳು, ನಂತರ ಇನ್ನೊಂದನ್ನು. ಮೋಜಣಿದಾರರು ಒತ್ತಿ ಬರಬೇಕಾದ ಜಾಗದಲ್ಲಿ ಒತ್ತಲಿಲ್ಲ. ಪುಕ್ಕಟೆ ಸಿಗುವಂತಿದ್ದ ಕಾಲಾಳನ್ನು ನೋಡಿದರು, ಕೈ ಮುಂದೆ ಮಾಡಿದರು, ಹಿಂದಕ್ಕೆ ತೆಗೆದುಕೊಂಡು ಆನೆಯನ್ನು ಸುಮ್ಮನೆ ಒಂದು ಮನೆ ಪಕ್ಕಕ್ಕೆ ಸರಿಸಿದರು. ಅವಳ ಕಿವಿ ಬಿಸಿಯಾಯಿತು. ಮತ್ತೆ ಹಾಗೆಯೇ ಆಯಿತು: ಮುಂದೆ ಬಂದಿದ್ದ ಒಂಟೆ ಕಾರಣವಿಲ್ಲದೆ ಮನೆಗೆ ಮರಳಿತು. ಇದು ಅವಳಿಗೆ ಗೊತ್ತಿದ್ದ ನಡಿಗೆ. ಉಗ್ರಾಣದ ಸಾಹೇಬರು ಅವಳ ಮೇಜಿನ ಬಳಿ ಬಂದು, ಕೇಳಬೇಕಾದದ್ದನ್ನು ಕೇಳದೆ, ಗಾಜಿನ ಲೋಟವನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿ ಹಿಂತಿರುಗುವ ನಡಿಗೆ.

ಉಗ್ರಾಣದ ಸಾಹೇಬರು ಆಗಾಗ ಬಂದು ಅವಳ ಹಿಂದೆ ನಿಲ್ಲುತ್ತಿದ್ದರು. ಅವರಿಂದ ಔಷಧಿಯ ಪೆಪ್ಪರಮಿಂಟಿನ ವಾಸನೆ ಬರುತ್ತಿತ್ತು. ಒಮ್ಮೆ ಅವರು ಮೋಜಣಿದಾರರತ್ತ ನೋಡಿ ತಲೆಯಾಡಿಸಿದಂತೆ ಅವಳಿಗೆ ಕಂಡಿತು. ಕೃತಜ್ಞತೆಯ ತಲೆಯಾಟ, ಆಸ್ಪತ್ರೆಯಲ್ಲಿ ಸಂಬಂಧಿಕರು ದಾದಿಗೆ ಆಡಿಸುವಂಥದು. ಹಾಗಾದರೆ ಮಾತಾಡಿಕೊಂಡಿದ್ದಾರೆ. ಎಲ್ಲರೂ ಸೇರಿ ಅವಳಿಗೊಂದು ಗೆಲುವು ಕೊಡಿಸುತ್ತಿದ್ದಾರೆ, ನೌಕರಿ ಕೊಡಿಸಿದ ಹಾಗೆ, ಸಂಜೆ ಮನೆಗೆ ಒಯ್ದು ಅತ್ತೆಗೆ ತೋರಿಸಲಿ ಎಂದು. ಅವಳು ಬೋರ್ಡನ್ನು ನೋಡಿದಳು. ಅವಳ ಕುದುರೆ ಬಿಳಿ ರಾಜನ ಅಂಗಳದವರೆಗೆ ಬಂದಿತ್ತು. ಆನೆ ತೆರೆದ ಸಾಲಿನ ಈ ತುದಿಯಲ್ಲಿ ನಿಂತಿತ್ತು, ಬಿಳಿಯ ಆನೆ ಆ ತುದಿಯಲ್ಲಿ, ನಡುವೆ ಬಿಳಿಯ ಕುದುರೆಯೊಂದೇ ಅಡ್ಡ. ಆಟ ಚೆನ್ನಾಗಿತ್ತು. ಚೆನ್ನಾಗಿದ್ದುದರಿಂದಲೇ ಅದು ತನ್ನದಲ್ಲ ಎನಿಸಿತು. ನೋಡೋಣ, ಎಷ್ಟು ಕೊಡುತ್ತಾರೋ ನೋಡೋಣ ಎಂದುಕೊಂಡು, ಮಂತ್ರಿಯನ್ನೆತ್ತಿ ಆ ಕುದುರೆಯ ಬಾಯಿಗೇ ಇಟ್ಟಳು. ಕಾವಲಿಲ್ಲದ ಮನೆ. ಹೊಡೆದರೆ ಆಟ ಮುಗಿದಂತೆ. ಕಾಯಿ ನಡೆಸಲು ನಿನ್ನೆ ಕಲಿತವನೂ ಹೊಡೆಯುತ್ತಾನೆ. ಗಡಿಯಾರದ ಗುಂಡಿ ಒತ್ತಿ, ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಮೊದಲ ಬಾರಿಗೆ ನೇರವಾಗಿ ಅವರ ಮುಖ ನೋಡಿದಳು.

ಮೋಜಣಿದಾರರ ಕಣ್ಣು ಕುದುರೆಯಿಂದ ಮಂತ್ರಿಗೆ ಹೋಯಿತು, ಮಂತ್ರಿಯಿಂದ ಕುದುರೆಗೆ ಬಂತು. ಕತ್ತು ಕೆಂಪೇರಿತು. ಕೆಳತುಟಿ ಒಳಕ್ಕೆ ಎಳೆದುಕೊಂಡರು. ಕಂಡಿದೆ, ಖಂಡಿತ ಕಂಡಿದೆ, ಕಾಣದೆ ಇರಲು ಸಾಧ್ಯವಿಲ್ಲ. ಹೀಗೆಯೇ ನೋಡಿದ್ದ ಅವನೂ, ಆಸ್ಪತ್ರೆಯಲ್ಲಿ ದಿಂಬಿಗೆ ಒರಗಿ, ಹಾಸಿಗೆಗೆ ಅಡ್ಡಲಾಗಿ ಇಟ್ಟ ಊಟದ ಹಲಗೆಯ ಮೇಲೆ ಆಯಸ್ಕಾಂತದ ಪುಟ್ಟ ಬೋರ್ಡು, ಕಿಟಕಿಯ ಬಿಸಿಲು ಹೊದಿಕೆಯ ಮೇಲೆ. ಅವಳದು ಬಿಳಿ. ಅಂದು ಅವನ ಬೆರಳುಗಳು ಕಾಯಿ ಹಿಡಿಯಲು ತಡವರಿಸುತ್ತಿದ್ದವು. ಗೆಲ್ಲಲಿ ಪಾಪ ಎಂದು ಅವಳು ಆನೆಯನ್ನು ಅವನ ಕಣ್ಣೆದುರೇ ಬಿಟ್ಟುಕೊಟ್ಟಳು, ಬಿಟ್ಟುಕೊಟ್ಟಂತೆ ಕಾಣಬಾರದೆಂದು ಇಟ್ಟ ಮೇಲೆ ಅಯ್ಯೋ ಎಂದು ನಾಲಿಗೆ ಕಚ್ಚಿಕೊಂಡಳು. ಅವನು ಆನೆಯನ್ನು ನೋಡಿದ, ಬಹಳ ಹೊತ್ತು, ಆಮೇಲೆ ಅವಳನ್ನು ನೋಡಿದ, ಆಮೇಲೆ ಅದಕ್ಕೆ ಸಂಬಂಧವೇ ಇಲ್ಲದ ಒಂದು ಕಾಲಾಳನ್ನು ಮುಂದೆ ತಳ್ಳಿ ಕಣ್ಣು ಮುಚ್ಚಿಕೊಂಡ. ಅವಳು ವಾರ್ಡಿನ ಹೊರಗೆ ಬಂದು ಡಾಕ್ಟರನ್ನು ಹುಡುಕಿ, ಕಣ್ಣ ಮುಂದಿನದು ಅವರಿಗೆ ತಿಳಿಯುತ್ತಿಲ್ಲ, ಇಷ್ಟು ಸಲೀಸಾದದ್ದೂ ಕಾಣುತ್ತಿಲ್ಲ ಎಂದು ಹೇಳಿದಳು. ಡಾಕ್ಟರು ಹೂಂಗುಟ್ಟಿ, ಇನ್ನು ಹಾಗೆಯೇ, ತಲೆಗೆ ಕೆಲಸ ಕೊಡಬೇಡಿ ಎಂದರು. ಮರುದಿನದಿಂದ ಅವಳು ಬೋರ್ಡು ತರಲಿಲ್ಲ. ಅವನೂ ಕೇಳಲಿಲ್ಲ. ಅವನ ಮುಂದೆ ಎಲ್ಲರೂ ಗಟ್ಟಿಯಾಗಿ, ಬಿಡಿಸಿ ಬಿಡಿಸಿ, ಮಗುವಿನ ಹತ್ತಿರ ಮಾತಾಡುವ ಹಾಗೆ ಮಾತಾಡತೊಡಗಿದರು, ಅವಳೂ ಸೇರಿ. ಅವನು ಉತ್ತರ ಕೊಡುವುದನ್ನು ಕ್ರಮೇಣ ಬಿಟ್ಟ. ಎದುರಿಗೆ ಕೂತಿರುವ ಈ ಗಟ್ಟಿಮುಟ್ಟಾದ ಮನುಷ್ಯನಿಗೆ, ದಿನವೆಲ್ಲ ದುರ್ಬೀನಿನಲ್ಲಿ ಕಣ್ಣಿಟ್ಟು ನೆಲ ಅಳೆಯುವವನಿಗೆ, ಮಂತ್ರಿ ಕಾಣುತ್ತಿದೆ, ಕಂಡೂ ಹೊಡೆಯುತ್ತಿಲ್ಲ. ಕಾಣದೆ ಹೋದರೆ ಮಾತ್ರ ಹೊಡೆಯದೆ ಬಿಡುತ್ತಾರೆಂದು ಅಂದು ಅವಳಿಗೆ ಯಾರು ಹೇಳಿದ್ದರು? ತನಗೆ ಎಸೆದದ್ದನ್ನು ಎತ್ತಿಕೊಳ್ಳಲಾರೆ ಎಂದು ಅವನು ಹೇಳಿದ್ದಿರಬಹುದು. ಹೇಳಲು ಉಳಿದಿದ್ದ ಒಂದೇ ಭಾಷೆಯಲ್ಲಿ ಹೇಳಿದ್ದಿರಬಹುದು. ಅವಳು ಅದನ್ನು ಡಾಕ್ಟರಿಗೆ ರೋಗದ ಲಕ್ಷಣವೆಂದು ವರದಿ ಮಾಡಿದ್ದಳು.

ಮೋಜಣಿದಾರರು ರಾಜನನ್ನು ಮೂಲೆಗೆ ಸರಿಸಿದರು.

ಅವಳು ಕೈಗಳನ್ನು ತೊಡೆಯ ಕೆಳಗಿಂದ ತೆಗೆಯಲಿಲ್ಲ. ಮಂತ್ರಿಯನ್ನೂ ತೆಗೆದುಕೊಳ್ಳಲಿಲ್ಲ. ಇನ್ನು ಇವರಿಂದ ಸೋಲನ್ನು ಪಡೆಯಲು ಏನು ಮಾಡಬೇಕು? ಎದ್ದು ಹೋಗಬಹುದು. ಎದ್ದು ಹೋದರೆ, ಪಾಪ, ತಡೆಯಲಾಗಲಿಲ್ಲ ಎನ್ನುತ್ತಾರೆ. ಹೀಗೆ ಯೋಚಿಸುತ್ತಿರುವಾಗಲೇ ಅವಳಿಗೆ ಕಾಣಬಾರದಾಗಿದ್ದದ್ದು ಕಂಡಿತು: ಆನೆಯಿಂದ ಆ ಕುದುರೆಯನ್ನು ಹೊಡೆದರೆ ರಾಜನ ಮುಂದಿನ ಕಾಲಾಳಿಗೆ ಕಾವಲಿರುವುದಿಲ್ಲ; ಆಮೇಲೆ ಮಂತ್ರಿ ಇಳಿಯುತ್ತದೆ, ಹಿಂದಿನಿಂದ ಕುದುರೆಯ ಬೆಂಬಲ, ಮೂಲೆಯಿಂದ ರಾಜನಿಗೆ ದಾರಿಯಿಲ್ಲ. ಬಿಳಿ ಏನು ಮಾಡಿದರೂ ಅಷ್ಟೇ. ಬೇಡವೆಂದು ಕೂರಬಹುದಿತ್ತು. ಆದರೆ ಈಗೀಗ ಕೊಟ್ಟದ್ದನ್ನು ತೆಗೆದುಕೊಂಡು ತೆಗೆದುಕೊಂಡು ರೂಢಿಯಾಗಿದ್ದ ಕೈ. ಕುರ್ಚಿ ಕೊಟ್ಟರು, ಕೂತಳು, ಸೀಟು ಕೊಟ್ಟರು, ಕೂತಳು. ಆನೆ ಹೋಗಿ ಕುದುರೆಯನ್ನು ಹೊಡೆಯಿತು. ಅವರು ಆನೆಯನ್ನು ಹೊಡೆದರು. ಮಂತ್ರಿ ಇಳಿಯಿತು. ಮೇಟ್ ಎಂದು ಅವಳು ಹೇಳಲಿಲ್ಲ, ಹಿಂದೆ ನಿಂತಿದ್ದ ಉಗ್ರಾಣದ ಸಾಹೇಬರು ಹೇಳಿದರು. ಯಾರೋ ಚಪ್ಪಾಳೆ ತಟ್ಟಿದರು, ಇನ್ನೂ ಕೆಲವರು ಸೇರಿದರು. ಪಕ್ಕದ ಮೇಜುಗಳಲ್ಲಿ ಆಟ ನಡೆಯುತ್ತಿರುವಾಗ ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಪಕ್ಕದ ಮೇಜಿನವರೂ ತಟ್ಟುತ್ತಿದ್ದರು. ಉಗ್ರಾಣದ ಸಾಹೇಬರು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸುತ್ತ, ಅವರೇ ಬಂದು ಆಡಿದ ಹಾಗಿತ್ತಮ್ಮ ಎಂದರು.

ಮೋಜಣಿದಾರರು ಕಾಯಿಗಳನ್ನು ಚೀಲಕ್ಕೆ ತುಂಬುತ್ತ ಅಭ್ಯಾಸಬಲದಿಂದ, ‘ಬನ್ನಿ, ಆ ಕಡೆ ಕೂತು ಒಂದ್ಸಲ ಪೋಸ್ಟ್‌ಮಾರ್ಟಂ ಮಾ...’ ಎಂದವರು ಅಲ್ಲಿಗೇ ನಿಂತರು. ಆಟ ಮುಗಿದ ಮೇಲೆ ಇಬ್ಬರೂ ಕೂತು ಎಲ್ಲಿ ತಪ್ಪಿತೆಂದು ನೋಡುವುದಕ್ಕೆ ಆಡುವವರೆಲ್ಲ ಬಳಸುವ ಮಾತು ಅದು. ಅವನೂ ಬಳಸುತ್ತಿದ್ದ, ತಡವಾಗಿ ಮನೆಗೆ ಬಂದು, ಪೋಸ್ಟ್‌ಮಾರ್ಟಂ ಇತ್ತು ಮಾರಾಯ್ತಿ ಎನ್ನುತ್ತಿದ್ದ. ಮೋಜಣಿದಾರರ ಮುಖ ನೋಡಲಾಗುತ್ತಿರಲಿಲ್ಲ. ಮಾಡೋಣ ಸರ್ ಎಂದು ಅವಳೇ ಮುಂದೆ ನಡೆದಳು.

ಪಕ್ಕದ ಕೋಣೆಯಲ್ಲಿ ಮುರಿದ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಮೇಜಿನ ಮೇಲೆ ಹಾಸು ಬಿಡಿಸಿ, ಮೊದಲಿನಿಂದ ಬೇಡ ಎಂದು ಹೇಳಿ, ಮಂತ್ರಿಯನ್ನು ಇಟ್ಟ ಗಳಿಗೆಗೆ ಕಾಯಿಗಳನ್ನು ಅವಳೇ ಜೋಡಿಸಿದಳು.

‘ಇದನ್ನ ಯಾಕೆ ಹೊಡೀಲಿಲ್ಲ ಸರ್?’

ಅವರು ಬೋರ್ಡಿನ ಮೇಲೆ ಬಾಗಿದರು.

‘ನನಗೆ ಬಿಟ್ಟುಕೊಟ್ರಾ?’

‘ಬಿಟ್ಟುಕೊಡೋದಾ? ನಾನಾ?’ ಮೋಜಣಿದಾರರು ತಲೆಯೆತ್ತಿದರು. ಅವರಿಗೆ ನಿಜವಾಗಿಯೂ ನೋವಾಗಿತ್ತು. ‘ನಾಳೆಯಿಂದ ನಮ್ಮ ಆಫೀಸಲ್ಲಿ ನನ್ನನ್ನ ಆಡ್ಕೊಂಡು ಸಾಯಿಸ್ತಾರೆ. ನೆಲ ಅಳೆಯೋನಿಗೆ ಅರವತ್ನಾಲ್ಕು ಮನೆ ಅಳೆಯೋಕಾಗ್ಲಿಲ್ಲ ಅಂತಾರೆ. ಬಿಟ್ಟುಕೊಡ್ತಾರಂತೆ.’ ಮಂತ್ರಿಯ ತಲೆಯ ಮೇಲೆ ಬೆರಳಿಟ್ಟರು. ‘ಕಂಡಿತ್ತು. ಕಾಣದೆ ಏನು. ಆದ್ರೆ ಕುದುರೆ ಅಲ್ಲಿಂದ ಎದ್ರೆ ಆನೆಗೆ ದಾರಿ ಬಿಟ್ಟ ಹಾಗಾಗತ್ತೆ. ಕರಿಕಾಯಿ ಸುಮ್‌ಸುಮ್ನೆ ಮಂತ್ರಿ ಇಡೋ ಆಸಾಮಿ ಅಲ್ಲ ಮೇಡಂ. ಹಿಂದೆ ಇದೇ ಥರ ಇಟ್ಟಿದ್ದನ್ನ ಆಸೆಪಟ್ಟು ತಿಂದು ಹಾಳಾಗಿದೀನಿ. ಶುರುವಿಂದ ಅದೇ ಡಿಫೆನ್ಸು, ಅದೇ ನಡೆಗಳು. ಎಲ್ಲೋ ಏನೋ ಇಟ್ಟಿದಾನೆ, ಎಲ್ಲೋ ಇಟ್ಟಿದಾನೆ ಅಂತ ಹುಡುಕ್ತಾನೇ ಇದ್ದೆ.’

ಇಟ್ಟಿದಾನೆ ಎಂದರು. ಆ ಮಾತು ಅವರಿಗೆ ಕೇಳಿಸಿದಂತಿರಲಿಲ್ಲ. ಕಾಲಾಳಿನವರೆಗೆ ಬಂದು ಹಿಂದೆ ಸರಿದ ಕೈ, ಮನೆಗೆ ಮರಳಿದ ಒಂಟೆ, ಎಲ್ಲ ಭಯ, ಅವನ ಭಯ. ಇಡೀ ಮಧ್ಯಾಹ್ನ ಅವರು ಅವಳ ಕುರ್ಚಿಯಲ್ಲಿ ಕೂತಿದ್ದ ಇನ್ನೊಬ್ಬನ ಜೊತೆ ಆಡಿದ್ದರು. ಅನುಕಂಪವಾದರೂ ಅವಳ ಹೆಸರಿಗೆ ಬಂದದ್ದಾಗಿರುತ್ತಿತ್ತು. ಹೊಡೆಯದೆ ಬಿಡುವುದಕ್ಕೆ ಹೀಗೂ ಒಂದು ಕಾರಣವಿರುತ್ತದೆ ಎಂದು ಅವಳು ಯೋಚಿಸಿದಳು. ಕಾಣದೆ, ಕಂಡು ಸಹಿಸದೆ, ಕಂಡು ಹೆದರಿ. ಇನ್ನೂ ಎಷ್ಟಿವೆಯೋ. ಕೇಳಿ ತಿಳಿದುಕೊಳ್ಳುವುದಕ್ಕೆ ಅವನಿಲ್ಲ ಎಂಬುದು, ಇಷ್ಟು ದಿನ ಎಲ್ಲರೂ ಬಂದು ಬಂದು ಹೇಳಿದ್ದರೂ, ಮುರಿದ ಕುರ್ಚಿಗಳ ಆ ಕೋಣೆಯಲ್ಲಿ ಅವಳಿಗೆ ತಿಳಿಯಿತು. ಅಳು ಬರಬಹುದೆಂದು ಕಾದಳು. ಬರಲಿಲ್ಲ.

‘ನಾನು ಏನೂ ಇಟ್ಟಿರಲಿಲ್ಲ’ ಎಂದಳು. ‘ಸೋಲ್ಬೇಕು ಅಂತ ಇಟ್ಟೆ.’

‘ಸೋಲ್ಬೇಕು ಅಂತ ಯಾರಾದ್ರೂ...’ ಅವರು ಅವಳ ಮುಖ ನೋಡಿ ನಿಲ್ಲಿಸಿದರು. ಆ ಮೆತ್ತನೆಯ ನೋಟ ಮತ್ತೆ ಅವರ ಕಣ್ಣಿಗೆ ಬರತೊಡಗಿತ್ತು. ಅದು ಪೂರ್ತಿ ಬರುವ ಮೊದಲೇ ಅವಳು ಬೋರ್ಡನ್ನು ಅವರ ಕಡೆಗೆ ಸರಿಸಿದಳು.

‘ಈಗ ಹೊಡೀರಿ.’

‘ಹೊಡೆದ್ರೆ ಮುಗೀತಲ್ಲ. ಆಮೇಲೆ ಏನಿದೆ ಆಡೋಕೆ?’

‘ಹೊಡೀರಿ ಸರ್.’

ಅವರು ಮನಸ್ಸಿಲ್ಲದೆ ಕುದುರೆಯಿಂದ ಮಂತ್ರಿಯನ್ನು ಹೊಡೆದು, ಕಾಯಿಯನ್ನು ಮೇಜಿನ ಅಂಚಿನಲ್ಲಿ ಮೆಲ್ಲಗೆ ಮಲಗಿಸಿದರು. ಅವಳು ಆನೆಯಿಂದ ಆನೆಯನ್ನು ಹೊಡೆದು ರಾಜನಿಗೆ ಚೆಕ್ ಕೊಟ್ಟಳು. ಅವರು ಅದನ್ನೂ ಹೊಡೆದರು. ಅವಳು ಇನ್ನೊಂದು ಆನೆಯನ್ನು ತಂದಳು. ಕೆಲವು ನಡೆಗಳವರೆಗೆ ಅವರು ಪ್ರತಿ ಸಲವೂ ಕಾಯಿ ಎತ್ತುವ ಮೊದಲು ಅವಳ ಮುಖ ನೋಡುತ್ತಿದ್ದರು. ಆಮೇಲೆ ಅವಳ ಕುದುರೆ ಎಲ್ಲಿಂದಲೋ ಹಾರಿ ಅವರ ಒಂದು ಕಾಲಾಳನ್ನು ತಿಂದಿತು, ಅವರು ‘ಓಹೋ’ ಎಂದು ತೋಳು ಮಡಚಿ ಮುಂದಕ್ಕೆ ಬಾಗಿದರು. ನೋಡುವುದು ನಿಂತಿತು. ಉಸಿರು ಗಟ್ಟಿಯಾಯಿತು. ಕುರ್ಚಿಯ ಅಂಚಿನಲ್ಲಿ ಕೂತಿದ್ದ ಮನುಷ್ಯ ಈಗ ಕುರ್ಚಿ ತುಂಬ ಕೂತಿದ್ದರು. ಅವಳ ಕುದುರೆಗೆ ಒಂದೊಂದೇ ಮನೆ ಮುಚ್ಚುತ್ತ ಬಂದು, ಕೊನೆಯದನ್ನು ಮುಚ್ಚಿ, ಕಾಯಿಯನ್ನು ಟಪ್ಪೆಂದು ಕುಟ್ಟಿದರು.

‘ಈಗೆಲ್ಲಿಗೆ ಹೋಗ್ತೀರಿ? ಹೋಗಿ ನೋಡೋಣ.’

ಅವಳು ರಾಜನನ್ನು ಮುಂದೆ ತಂದಳು. ಅವರು ಕುದುರೆಯನ್ನು ತಿಂದರು. ಅವಳು ಕಾಲಾಳನ್ನು ತಳ್ಳಿದಳು. ಅವರು ಅದನ್ನೂ ತಿಂದರು, ತಿಂದು ಹೊಡೆದ ಕಾಯಿಗಳ ರಾಶಿಗೆ ನೋಡದೆಯೇ ಎಸೆದರು. ಹೊರಗೆ ಸಭಾಂಗಣದಲ್ಲಿ ಯಾರೋ ಮೇಜುಗಳನ್ನು ಎಳೆಯುತ್ತಿದ್ದರು. ಉಗ್ರಾಣದ ಸಾಹೇಬರು ಬಾಗಿಲಿಗೆ ಬಂದು ಇಣುಕಿ, ಬೋರ್ಡು ನೋಡಿ, ಕರಿ ಗೆದ್ದ ಆಟ ಅಲ್ಲವೇ ಇದು, ಏನಾಯಿತು ಎಂದು ಕೇಳಿದರು. ಇಬ್ಬರೂ ತಲೆಯೆತ್ತದಿದ್ದುದರಿಂದ ಹಾಗೆಯೇ ಹೋದರು.

‘ಮುಗೀತು, ಒಪ್ಕೊಳ್ರೀ’ ಎಂದರು ಮೋಜಣಿದಾರರು.

‘ಒಪ್ಪಲ್ಲ.’

‘ಒಪ್ಪದೆ ಏನ್ ಮಾಡ್ತೀರಿ? ಎಲ್ಲಿ, ಒಂದು ನಡೆ ತೋರಿಸಿ.’

ಅವಳು ಬೋರ್ಡಿನ ಮೇಲೆ ಬಾಗಿದಳು. ರಾಜನಿಗೆ ಈ ಕಡೆ ಹೋದರೆ ಆನೆ, ಆ ಕಡೆ ಹೋದರೆ ಒಂಟೆ. ಉಳಿದ ಕಾಲಾಳುಗಳು ಒಂದಕ್ಕೊಂದು ಮೂತಿ ತಾಗಿಸಿ ನಿಂತಿದ್ದವು. ಒಂದೊಂದು ಮನೆಯನ್ನೂ ಬೆರಳಿಟ್ಟು ನೋಡುತ್ತ ಬಂದಳು, ನೋಡಿದ್ದನ್ನೇ ಮತ್ತೆ ನೋಡಿದಳು. ಎದುರಿಗೆ ಮೋಜಣಿದಾರರು ಗಲ್ಲಕ್ಕೆ ಕೈಯಿಟ್ಟು, ಬೆರಳಿನಿಂದ ಮೇಜು ತಟ್ಟುತ್ತ ಕಾಯುತ್ತಿದ್ದರು. ಅವರು ಏನೂ ಹೇಳಿಕೊಡಲಿಲ್ಲ.